ಹ್ಯಾಟೆಯೋ ಹುಂಜವೋ: ರೆಕ್ಕೆ ನೋಡೋದಾ, ಜುಟ್ಟು ನೋಡೋದಾ?

ಕೋಳಿ ಮರಿ ಹ್ಯಾಟೆಯೋ (ಹೆಣ್ಣೋ) ಹುಂಜವೋ ಅಂತ ಗುರುತಿಸೋಕೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜುಟ್ಟಿಗೆ. ಮರಿಗೆ ಒಂದೂವರೆ ತಿಂಗಳು ತುಂಬುವ ತನಕ ಸುಮ್ನೆ ಕಾಯಬೇಕು, ಆಮೇಲೆ ಜುಟ್ಟು ನೋಡಿ ಬೇರೆ ಮಾಡಬೇಕು. ಸಿರುಗುಪ್ಪದ ಹತ್ತಿರ ನಮ್ಮ ಮನೆ. ನನಗೆ ಬೇಕಾಗಿರುವುದು ಜವಾರಿ ಮೊಟ್ಟೆ, ಹುಂಜ ಒಂದಿದ್ದರೆ ಸಾಕು. ಕಳೆದ ಸಲ ಸಂತೆಯಲ್ಲಿ ಒಬ್ಬ, "ಎಲ್ಲಾ ಹ್ಯಾಟಿನೇ ಅದಾವಣ್ಣ, ರೆಕ್ಕಿ ನೋಡಿ ಆರಿಸೀನಿ" ಅಂತ ಕಣ್ಣೆದುರೇ ರೆಕ್ಕೆ ಬಿಡಿಸಿ ತೋರಿಸಿ ಮಾರಿದ. ಬೆಳೆದ ಮೇಲೆ ನೋಡಿದರೆ ಅರ್ಧಕ್ಕರ್ಧ ಹುಂಜ.

ಈ ರೆಕ್ಕೆ ಲೆಕ್ಕ ಈಗ ಮೊಬೈಲ್ ಇರುವ ಎಲ್ಲರಿಗೂ ಗೊತ್ತು. ಮರಿಯ ರೆಕ್ಕೆ ಬಿಡಿಸಿದರೆ ಅಂಚಿನಲ್ಲಿ ಎರಡು ಸಾಲು ಪುಕ್ಕ ಕಾಣುತ್ತವೆ. ಕೆಳಗಿನ ಸಾಲು ಉದ್ದ, ಮೇಲಿನ ಸಾಲು ಗಿಡ್ಡ ಇದ್ದರೆ ಹ್ಯಾಟೆ. ಎರಡೂ ಸಮ ಇದ್ದರೆ, ಅಥವಾ ಮೇಲಿನದೇ ಉದ್ದ ಇದ್ದರೆ ಹುಂಜ. ವಿಡಿಯೊದವರು ಹೇಳುವುದು ಸುಳ್ಳಲ್ಲ. ಆದರೆ ಅದು ಎಲ್ಲಾ ಕೋಳಿಗೂ ಅಲ್ಲ ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಪುಕ್ಕ ನಿಧಾನವಾಗಿ ಬರುವ ಗುಣ ಕೋಳಿಯ ಝಡ್ ಕ್ರೋಮೋಸೋಮ್ (ಗಂಡು ಹೆಣ್ಣು ತೀರ್ಮಾನಿಸುವ ವರ್ಣತಂತು) ಮೇಲೆ ಕೂತಿದೆ. ಹುಂಜಕ್ಕೆ ಝಡ್ ಎರಡು, ಹ್ಯಾಟೆಗೆ ಒಂದೇ. ಹಾಗಾಗಿ ಹ್ಯಾಚರಿಯವರು ಬೇಕಂತಲೇ ಜೋಡಿ ಆರಿಸುತ್ತಾರೆ. ತಂದೆ ಬೇಗ ಪುಕ್ಕ ಬರುವ ತಳಿ, ತಾಯಿ ನಿಧಾನ ಪುಕ್ಕದ ತಳಿ. ತಾಯಿಯ ಝಡ್ ಗಂಡು ಮರಿಗಷ್ಟೇ ಹೋಗುತ್ತದೆ, ತಂದೆಯ ಝಡ್ ಜೊತೆಗಿದ್ದರೂ ನಿಧಾನದ ಗುಣದ್ದೇ ಮೇಲುಗೈ, ಅದಕ್ಕೆ ಪುಕ್ಕ ನಿಧಾನ. ಹೆಣ್ಣು ಮರಿಗೆ ಸಿಗುವುದು ತಂದೆಯ ಝಡ್ ಒಂದೇ, ಅದಕ್ಕೆ ಪುಕ್ಕ ಬೇಗ. ಜೋಡಿ ಸರಿ ಇದ್ದರೆ ರೆಕ್ಕೆ ಕರಾರುವಾಕ್ಕಾಗಿ ಹೇಳುತ್ತದೆ.

ನಮ್ಮ ಜವಾರಿ ಕೋಳಿಗೆ ಜೋಡಿ ಆರಿಸಿದವರು ಯಾರು? ಓಣಿಯ ಯಾವ ಹುಂಜ ಯಾವ ಹಿತ್ತಲಿಗೆ ಹೋಗಿತ್ತೋ ಆ ಹುಂಜಕ್ಕೇ ಗೊತ್ತು. ತಂದೆ ತಾಯಿ ಎರಡೂ ಬೇಗ ಪುಕ್ಕದವಾದರೆ ಬುಟ್ಟಿಯಲ್ಲಿರುವ ಮರಿಗಳೆಲ್ಲ ಹ್ಯಾಟೆ ತರಾನೇ ಕಾಣುತ್ತವೆ. ಅಂಥ ಬುಟ್ಟಿಯ ಮುಂದೆ ಕೂತವನಿಗೆ ವ್ಯಾಪಾರ ಸಲೀಸು ಬಿಡಿ.

ಇನ್ನೊಂದು ತಕರಾರು ವಯಸ್ಸಿನದು. ರೆಕ್ಕೆ ನೋಡಬೇಕಾದದ್ದು ಮರಿ ಒಡೆದ ಮೊದಲ ಎರಡು ಮೂರು ದಿನದೊಳಗೆ. ಆಮೇಲೆ ಗಿಡ್ಡ ಪುಕ್ಕವೂ ಬೆಳೆದು ಗುರುತು ಕಲಸಿಹೋಗುತ್ತದೆ. ಸಂತೆಗೆ ಬರುವ ಜವಾರಿ ಮರಿಗಳೋ, ಜಾಸ್ತಿ ವಾರ ದಾಟಿದವು. ಅಲ್ಲಿ ರೆಕ್ಕೆ ಬಿಡಿಸಿ ತೋರಿಸುವುದು ಬರೀ ಆಟ.

ಮರಿಯ ಹಿಂಭಾಗ ಒತ್ತಿ ಹ್ಯಾಟೆ ಹುಂಜ ಗುರುತಿಸುವುದು ಜಪಾನಿನವರು 1920ರ ದಶಕದಲ್ಲಿ ಕಂಡುಕೊಂಡ ವಿದ್ಯೆ. ನುರಿತವರ ಕೈಯಲ್ಲಿ ತಪ್ಪೇ ಕಡಿಮೆ. ಆದರೆ ಮರಿ ಒಡೆದ ಒಂದು ದಿನದೊಳಗೆ ನೋಡಬೇಕು, ಕಲಿಯೋಕೆ ವರ್ಷಗಟ್ಟಲೆ ಬೇಕು, ಸ್ವಲ್ಪ ಜೋರಾಗಿ ಒತ್ತಿದರೆ ಮರಿಯ ಕರುಳಿಗೇ ಪೆಟ್ಟು. ಮನೆಯಲ್ಲಿ ಬೇಡವೇ ಬೇಡ.

ದಾರಕ್ಕೆ ಸೂಜಿ ಕಟ್ಟಿ ತೂಗುವುದು, ಚೂಪು ಮೊಟ್ಟೆಯಲ್ಲಿ ಹುಂಜ ಅನ್ನುವುದು: ಟೈಂಪಾಸ್.

ಬೀದಿಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರುವ ಮರಿಗಳಿಗೆ ಯಾವ ಪರೀಕ್ಷೆಯೂ ಬೇಕಿಲ್ಲ. ಅವು ಹೆಚ್ಚಾಗಿ ಮೊಟ್ಟೆ ಕೋಳಿಯ ಹ್ಯಾಚರಿಯಿಂದ ಆಚೆ ಬಿದ್ದ ಗಂಡು ಮರಿಗಳು. ಮಕ್ಕಳು ಹಟ ಮಾಡಿದರೂ ಮೊಟ್ಟೆ ಆಸೆಗೆ ತರಬೇಡಿ.

ಇನ್ನು ಜುಟ್ಟು. ಐದಾರು ವಾರಕ್ಕೆ ಗಂಡು ಮರಿಯ ಜುಟ್ಟು ದಪ್ಪಗಾಗಿ ಕೆಂಪೇರುತ್ತದೆ, ಗದ್ದದ ಕೆಳಗಿನ ಜೋಲು ಎದ್ದು ಕಾಣುತ್ತದೆ. ಹೆಣ್ಣಿನದು ಇನ್ನೂ ಸಣ್ಣ, ತಿಳಿ ಹಳದಿ. ಕಾಲೂ ಗಂಡಿಗೆ ದಪ್ಪ. ಒಂದೇ ಕೋಳಿ ಒಂದೇ ಸಲ ಎಬ್ಬಿಸಿದ ಮರಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಹಿರಿ ಮರಿ ಕಿರಿ ಮರಿ ಕಲಸಿದರೆ ದೊಡ್ಡ ಹ್ಯಾಟೆಯೇ ಹುಂಜದ ತರ ಕಾಣುತ್ತದೆ. ನಾನು ಬೆಳಿಗ್ಗೆ ಬುಟ್ಟಿ ಎತ್ತುವಾಗಲೇ ನೋಡಿ, ಹುಂಜ ಅನಿಸಿದ ಮರಿಯ ಕಾಲಿಗೆ ಬಣ್ಣದ ದಾರ ಕಟ್ಟುತ್ತೇನೆ.

ಕಾಳಗದ ಅಸಿಲ್ ರಕ್ತ ಬೆರೆತ ಮರಿಗಳಲ್ಲಿ ಇದು ಕೈಕೊಡುತ್ತದೆ. ಆಂಧ್ರ ಪಕ್ಕದಲ್ಲೇ ಇರುವುದರಿಂದ ನಮ್ಮ ಕಡೆ ಆ ಬೆರಕೆ ಇದ್ದೇ ಇದೆ. ಅವುಗಳ ಜುಟ್ಟು ಹುಂಜಕ್ಕೂ ಗಿಡ್ಡ, ತಲೆಗೆ ಅಂಟಿಕೊಂಡಂತೆ ಇರುತ್ತದೆ. ಅಂಥವಕ್ಕೆ ಮೂರು ತಿಂಗಳು ಕಾದು ಬಾಲದ ಬುಡದ ಪುಕ್ಕ ನೋಡುತ್ತೇನೆ. ಉದ್ದ, ಚೂಪು, ಹೊಳಪು ಇದ್ದರೆ ಹುಂಜ. ತುದಿ ದುಂಡಗಿದ್ದರೆ ಹ್ಯಾಟೆ. ಇದರಲ್ಲಿ ತಪ್ಪಾಗಿದ್ದು ನಾನು ಕಂಡಿಲ್ಲ.

ಕಾಯುವುದು ನನಗೆ ದುಬಾರಿ ಆಗುವುದಿಲ್ಲ. ಸುತ್ತ ಭತ್ತದ ಗದ್ದೆ, ಮನೆಯಲ್ಲಿ ನುಚ್ಚು, ಹಿತ್ತಲಲ್ಲಿ ಹುಳ ಹುಪ್ಪಟೆ. ಒಂದೂವರೆ ತಿಂಗಳು ಹುಂಜ ಮರಿಯನ್ನೂ ಸಾಕಿದರೆ ನಷ್ಟವಿಲ್ಲ, ಜಾತ್ರೆ ಹೊತ್ತಿಗೆ ಜವಾರಿ ಹುಂಜಕ್ಕೆ ಒಳ್ಳೆ ರೇಟೂ ಬರುತ್ತದೆ. ಫೀಡ್ ಚೀಲ ಕೊಂಡು ಸಾಕುವವರ ಲೆಕ್ಕ ಬೇರೆ. ಅವರು ಹ್ಯಾಚರಿಯಲ್ಲೇ ಬೇರೆ ಮಾಡಿದ ಮೊಟ್ಟೆ ತಳಿಯ ಹೆಣ್ಣು ಮರಿ ತರುವುದು ಮೇಲು. ಜವಾರಿಯೇ ಬೇಕು, ಪುರುಸೊತ್ತಿಲ್ಲ ಅನ್ನುವವರು ಮರಿ ಬಿಟ್ಟು ಮೂರು ತಿಂಗಳ ಹ್ಯಾಟೆಯನ್ನೇ ಕೊಳ್ಳಲಿ. ರೇಟು ಜಾಸ್ತಿ, ಚೌಕಾಸಿ ಮಾಡುವ ಮೊದಲು ಬಾಲದ ಬುಡ ನೋಡಿಕೊಳ್ಳಿ.