ಕಿಟಕಿ ಇಲ್ಲದ ಕ್ಯಾಬಿನ್ನಿನಲ್ಲಿ 15 ರಾತ್ರಿ: ಇಬ್ಬರಿಗೆ ಧಾರಾಳ ಸಾಕು, ನಾಲ್ವರಿಗೆ ಬೇಡ

ಕ್ರೂಸ್ ಹಡಗಿನಲ್ಲಿ ಎಲ್ಲಕ್ಕಿಂತ ಕಡಿಮೆ ರೇಟಿನ ರೂಮು ಅಂದ್ರೆ ಇನ್‌ಸೈಡ್ ಕ್ಯಾಬಿನ್. ಹಡಗಿನ ನಡುಹೊಟ್ಟೆಯಲ್ಲಿ ಇರುತ್ತದೆ. ಕಿಟಕಿ ಇಲ್ಲ, ಸಮುದ್ರ ಕಾಣುವುದಿಲ್ಲ. 2019ರಿಂದ ನಾಲ್ಕು ಟ್ರಿಪ್ಪಿನಲ್ಲಿ ಒಟ್ಟು 15 ರಾತ್ರಿ ನಾನು ಇಂಥ ಕ್ಯಾಬಿನ್ನಿನಲ್ಲೇ ಮಲಗಿದ್ದೇನೆ. ಮೊದಲ ಸಲ ಹೆಂಡತಿ ಜೊತೆ ಸಿಂಗಾಪುರದಿಂದ 4 ರಾತ್ರಿ. 2022ರಲ್ಲಿ ಮತ್ತೆ ನಾವಿಬ್ಬರೇ, ಮುಂಬೈಯಿಂದ ಗೋವಾ ಕಡೆ 2 ರಾತ್ರಿ. 2023ರ ಬೇಸಿಗೆ ರಜೆಯಲ್ಲಿ ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು ಲಕ್ಷದ್ವೀಪಕ್ಕೆ 4 ರಾತ್ರಿ. 2025ರ ಫೆಬ್ರವರಿಯಲ್ಲಿ, ಕೊನೆ ಕೊಯ್ಲು ಮುಗಿದ ಮೇಲೆ, ಅಮ್ಮನನ್ನು ಕರೆದುಕೊಂಡು ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಅಂತ 5 ರಾತ್ರಿ.

ನಮ್ಮದು ಸಾಗರ ತಾಲೂಕು, ಶರಾವತಿ ಹಿನ್ನೀರಿನ ಆಚೆ ದಡ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಗುವವರೆಗೂ ಹೊಳೆಬಾಗಿಲಿನ ಲಾಂಚ್ ಹತ್ತಿಯೇ ಪೇಟೆಗೆ ಹೋಗಿ ಬಂದವರು ನಾವು. ನೀರು, ದೋಣಿ ಅಂದರೆ ಹೆದರಿಕೆ ಇಲ್ಲ. ಆದರೆ ಊರಲ್ಲಿ ಯಾರೇ ಸಿಕ್ಕರೂ ಕೇಳುವುದು ಒಂದೇ ಪ್ರಶ್ನೆ, "ಕಿಟಕಿ ಇಲ್ದೆ ಉಸಿರು ಕಟ್ಟಲ್ವಾ ಮಾರಾಯ್ರೆ?" ಅಷ್ಟು ಜನರಿಗೆ ಬಾಯಲ್ಲಿ ಹೇಳಿ ಆಯ್ತು, ಈಗ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಉಸಿರು ಕಟ್ಟುವುದಿಲ್ಲ. ಹಡಗಿನ ದೊಡ್ಡ ಎಸಿ ಯಂತ್ರದಿಂದ ಕೊಳವೆಯಲ್ಲಿ ಗಾಳಿ ಬರುತ್ತಲೇ ಇರುತ್ತದೆ, ಬಾತ್‌ರೂಮಿನ ಮೇಲಿರುವ ಜಾಲರಿ ಒಳಗಿನ ಗಾಳಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಅನುಮಾನ ಇದ್ದರೆ ಒಂದು ಟಿಶ್ಯೂ ಕಾಗದವನ್ನು ಆ ಜಾಲರಿಗೆ ಹಿಡಿಯಿರಿ. ಅಂಟಿಕೊಂಡು ನಿಂತರೆ ಗಾಳಿ ಸರಿ ಓಡಾಡುತ್ತಿದೆ ಅಂತ ಅರ್ಥ. ಕೆಳಗೆ ಬಿದ್ದರೆ ತಕ್ಷಣ ರಿಸೆಪ್ಷನ್ನಿಗೆ ಹೇಳಬೇಕು, ಎರಡನೇ ದಿನದವರೆಗೆ ಕಾಯಬಾರದು. ನಮಗೆ ಒಂದು ಸಲ ಹೀಗಾಗಿತ್ತು. ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ, ಮಳೆಗಾಲದಲ್ಲಿ ಒಣಗದ ಕಂಬಳಿ ಮಡಚಿ ಇಟ್ಟರೆ ಬರುತ್ತದಲ್ಲ, ಅದೇ. ಕೆಳಗೆ ಹಾಸಿದ ಕಾರ್ಪೆಟ್ ಒಂದು ಮೂಲೆಯಲ್ಲಿ ತಣ್ಣಗಿತ್ತು, ಬೆರಳಲ್ಲಿ ಒತ್ತಿದರೆ ಪಸೆ ತಾಗುತ್ತಿತ್ತು. ಆ ದಿನ ಸುಮ್ನೆ ಇದ್ದುಬಿಟ್ಟೆವು, ನಮ್ಮ ತಪ್ಪು. ಮರುದಿನ ಹೇಳಿದರೆ ಹಡಗು ಭರ್ತಿ, ಬೇರೆ ಕ್ಯಾಬಿನ್ ಇಲ್ಲ ಅಂದರು. ಒಂದು ಫ್ಯಾನ್ ತಂದಿಟ್ಟು ಒಣಗಿಸಲು ನೋಡಿದರು, ವಾಸನೆ ಪೂರ್ತಿ ಹೋಗಲಿಲ್ಲ. ಕಿಟಕಿ ಇದ್ದಿದ್ದರೂ ಬಹುಶಃ ಇದೇ ಕಥೆ ಆಗುತ್ತಿತ್ತು. ಹಡಗಿನ ಗುಂಡು ಕಿಟಕಿಗಳನ್ನು ತೆಗೆಯಲು ಬರುವುದಿಲ್ಲ.

ಇನ್ನು ಜಾಗ. ನಾನು ಅಳತೆ ಟೇಪು ಒಯ್ದಿದ್ದೆ. ಮೊದಲನೇ ಕ್ಯಾಬಿನ್ 9 ಅಡಿ ಅಗಲ, 16 ಅಡಿ ಉದ್ದ, ಬಾತ್‌ರೂಮೂ ಅದರಲ್ಲೇ ಬಂತು. ಅಂದ್ರೆ 144 ಚದರಡಿ. ಸಾಮಾನ್ಯವಾಗಿ ಇನ್‌ಸೈಡ್ ಕ್ಯಾಬಿನ್‌ಗಳು 130ರಿಂದ 180 ಚದರಡಿಯ ಒಳಗೇ ಇರುತ್ತವೆ, ಹಳೇ ಹಡಗಿನಲ್ಲಿ ಇನ್ನೂ ಇಕ್ಕಟ್ಟು. ನಮ್ಮ ಮನೆಯ ಬಚ್ಚಲು, ಹಂಡೆ ಒಲೆ, ಸೌದೆ ಒಟ್ಟುವ ಜಾಗ ಎಲ್ಲಾ ಸೇರಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಕೇಳಿದರೆ ಕಡಿಮೆ ಅನ್ನಿಸುತ್ತದೆ, ಆದರೆ ಹಡಗಿನವರು ಒಂದಿಂಚೂ ಹಾಳು ಮಾಡಿರುವುದಿಲ್ಲ. ಮಂಚದ ಕೆಳಗೆ ಎರಡು ದೊಡ್ಡ ಸೂಟ್‌ಕೇಸ್ ಮಲಗಿಸಿ ತಳ್ಳಬಹುದು. ಕನ್ನಡಿಯ ಹಿಂದೆ ಕಪಾಟು, ಮೇಜಿನ ಪಕ್ಕ ಡ್ರಾಯರು, ಬೀರುವಿನಲ್ಲಿ ಲಾಕರು. ಹತ್ತಿದ ದಿನವೇ ಬಟ್ಟೆ ಎಲ್ಲಾ ತೆಗೆದು ಕಪಾಟಿನಲ್ಲಿ ಜೋಡಿಸಿ, ಖಾಲಿ ಸೂಟ್‌ಕೇಸನ್ನು ಮಂಚದ ಅಡಿಗೆ ತಳ್ಳಿಬಿಡಬೇಕು. ಮೊದಲ ಟ್ರಿಪ್ಪಿನಲ್ಲಿ ನಾವು ಸೂಟ್‌ಕೇಸನ್ನು ನೆಲದ ಮೇಲೆ ಬಿಚ್ಚಿಟ್ಟುಕೊಂಡೇ ಇದ್ದೆವು, ನಾಲ್ಕು ದಿನವೂ ದಾಟಿ ದಾಟಿ ಓಡಾಡಿದ್ದಾಯ್ತು. ಎರಡನೇ ಸಲ ಅದೇ ಅಳತೆಯ ಕ್ಯಾಬಿನ್ ಎಷ್ಟೋ ದೊಡ್ಡದು ಅನ್ನಿಸಿತು.

ಬಾಲ್ಕನಿ ಕ್ಯಾಬಿನ್ ತುಂಬಾ ದೊಡ್ಡದಿರುತ್ತದೆ ಅಂತ ಕೆಲವರ ಲೆಕ್ಕ. ಬಹಳಷ್ಟು ಹಡಗುಗಳಲ್ಲಿ ಒಳಗಿನ ಕೋಣೆಯ ಅಳತೆ ಇನ್‌ಸೈಡ್‌ಗಿಂತ ಸ್ವಲ್ಪವೇ ಜಾಸ್ತಿ. ಉಳಿದದ್ದು ಎರಡು ಕುರ್ಚಿ ಹಿಡಿಯುವ ಹೊರಗಿನ ಜಗಲಿ, ಮತ್ತೆ ಬೆಳಕು.

ಆ ಬೆಳಕಿನ ಬಗ್ಗೆ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಕ್ಯಾಬಿನ್ನಿನಲ್ಲಿ ನಿಜವಾಗಿ ಒಗ್ಗಿಕೊಳ್ಳಬೇಕಾದ್ದು ಕತ್ತಲೆಗೆ. ಆಷಾಢದ ಅಮಾವಾಸ್ಯೆ, ಕರೆಂಟ್ ಹೋಗಿದೆ, ಹೊರಗೆ ಮಳೆ ಹೊಯ್ಯುತ್ತಿದೆ, ನೀವು ನಡುಮನೆಯಲ್ಲಿ ಮಲಗಿದ್ದೀರಿ, ಹಾಗೆ. ಕೈಯನ್ನು ಮುಖದ ಹತ್ತಿರ ತಂದರೂ ಕಾಣುವುದಿಲ್ಲ. ನಿದ್ದೆ ಬರುವವರಿಗೆ ಸ್ವರ್ಗ. ಬೆಳಗಿನ ಐದಕ್ಕೆ ಏಳುವ ನಾನು ಮೊದಲ ದಿನ ಎದ್ದದ್ದು ಒಂಬತ್ತೂವರೆಗೆ. ಬೆಳಗಾಯ್ತೋ ಇಲ್ಲವೋ ಅಂತ ಮೈಗೆ ಗೊತ್ತೇ ಆಗುವುದಿಲ್ಲ. ಇದಕ್ಕೆ ಒಳ್ಳೆಯ ಉಪಾಯ ಟಿವಿ. ಬಹಳ ಹಡಗುಗಳಲ್ಲಿ ಮುಂಭಾಗದ ಕ್ಯಾಮೆರಾದ ಚಿತ್ರ ತೋರಿಸುವ ಒಂದು ಚಾನೆಲ್ ಇರುತ್ತದೆ. ರಾತ್ರಿ ಅದನ್ನು ಹಾಕಿ, ಶಬ್ದ ಪೂರ್ತಿ ಇಳಿಸಿ ಮಲಗಿ. ಹೊರಗೆ ಕತ್ತಲಿದ್ದರೆ ಟಿವಿಯೂ ಕಪ್ಪು, ಬೆಳಕು ಹರಿದ ಹಾಗೆ ಕೋಣೆಯೂ ನಿಧಾನಕ್ಕೆ ಬೆಳ್ಳಗಾಗುತ್ತದೆ. ಡಿಸ್ನಿಯವರು 2011ರ 'ಡಿಸ್ನಿ ಡ್ರೀಮ್' ಹಡಗಿನಲ್ಲಿ ಇದನ್ನೇ ಗುಂಡು ಕಿಟಕಿಯ ಆಕಾರದ ಪರದೆ ಮಾಡಿ ಇನ್‌ಸೈಡ್ ಕ್ಯಾಬಿನ್ನಿನ ಗೋಡೆಗೇ ಕೂರಿಸಿದರು, ಹೊರಗಿನ ಕ್ಯಾಮೆರಾದ ಸಮುದ್ರ ಅದರಲ್ಲಿ ಕಾಣುತ್ತದೆ. ರಾಯಲ್ ಕೆರಿಬಿಯನ್ನಿನ 1999ರ 'ವಾಯೇಜರ್ ಆಫ್ ದಿ ಸೀಸ್'ನಲ್ಲಂತೂ ಹಡಗಿನ ಒಳಗಿನ ಅಂಗಡಿ ಬೀದಿಯ ಕಡೆಗೆ ಕಿಟಕಿ ಇಟ್ಟ ಒಳಕ್ಯಾಬಿನ್‌ಗಳಿವೆ. ನಾನು ಇವೆರಡರಲ್ಲೂ ಉಳಿದಿಲ್ಲ, ನಮ್ಮ ಬಜೆಟ್ಟಿಗೆ ಟಿವಿ ಚಾನೆಲ್ಲೇ ಸಾಕಾಯ್ತು.

ಅಮ್ಮನಿಗೆ ಈಗ 71. ಅವರನ್ನು ಕಿಟಕಿ ಇಲ್ಲದ ಕೋಣೆಯಲ್ಲಿ ಇಡುತ್ತೀಯಾ ಅಂತ ಅಕ್ಕ ಫೋನಿನಲ್ಲಿ ಬೈದಿದ್ದಳು. ನನಗೂ ಒಳಗೊಳಗೇ ಅಳುಕಿತ್ತು. ಅಮ್ಮ ಒಳಗೆ ಬಂದು, ಮಂಚದ ಮೇಲೆ ಕೂತು, ನಾಲ್ಕೂ ಗೋಡೆ ನೋಡಿ, "ಇದು ನಮ್ಮನೆ ಬಾಣಂತಿ ಕೋಣೆ ಇದ್ದ ಹಾಗೇ ಇದೆ ಕಣೋ" ಅಂದರು. "ನಿಮ್ಮಿಬ್ಬರನ್ನೂ ಹೆತ್ತು ಮೂರು ಮೂರು ತಿಂಗಳು ಅದರಲ್ಲೇ ಇದ್ದೆ, ಐದು ದಿನ ಏನು ಮಹಾ" ಅಂತ ಚಪ್ಪಲಿ ಬಿಟ್ಟು ಕಾಲು ಚಾಚಿಯೇ ಬಿಟ್ಟರು. ಎರಡು ಸಿಂಗಲ್ ಮಂಚ ಜೋಡಿಸಿ ಡಬಲ್ ಮಾಡಿರುತ್ತಾರೆ. ಬೇರೆ ಬೇರೆ ಮಾಡಿಕೊಡಿ ಅಂತ ಕ್ಯಾಬಿನ್ ನೋಡಿಕೊಳ್ಳುವ ಹುಡುಗನಿಗೆ ಹೇಳಿದೆ, ಊಟ ಮಾಡಿ ಬರುವುದರೊಳಗೆ ಮಾಡಿಟ್ಟಿದ್ದ.

ಆದರೆ ವಯಸ್ಸಾದವರಿದ್ದರೆ ಒಂದು ವಿಷಯ ಗಮನದಲ್ಲಿರಲಿ. ಬಾತ್‌ರೂಮಿಗೆ ಎತ್ತರದ ಹೊಸ್ತಿಲು ಇರುತ್ತದೆ, ನಮ್ಮಲ್ಲಿ ಒಂದು ಗೇಣು ಇತ್ತು. ಹಳೇ ಮನೆಯಲ್ಲಿ ಬೆಳೆದವರಿಗೆ ಹೊಸ್ತಿಲು ಹೊಸದಲ್ಲ. ಆದರೆ ಅಲ್ಲಿನ ಕತ್ತಲಲ್ಲಿ, ನೆಲವೂ ಸ್ವಲ್ಪ ತೂಗುವಾಗ, ರಾತ್ರಿ ಎರಡು ಗಂಟೆಗೆ ಎದ್ದವರು ಎಡವುವುದು ಖಂಡಿತ. ಎರಡನೇ ರಾತ್ರಿ ಅಮ್ಮ ಎಡವಿ ಬಾಗಿಲಿನ ಹಿಡಿ ಹಿಡಿದುಕೊಂಡರು, ಪುಣ್ಯಕ್ಕೆ ಬೀಳಲಿಲ್ಲ. ಆ ಸದ್ದಿಗೆ ಎದ್ದು ಕೂತವನಿಗೆ ಮತ್ತೆ ನಿದ್ದೆ ಬರಲಿಲ್ಲ. ಮರುದಿನದಿಂದ ಬಾತ್‌ರೂಮಿನ ಲೈಟ್ ಹಾಕಿ, ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದು, ಅದಕ್ಕೆ ಒಂದು ಟವೆಲ್ ಸಿಕ್ಕಿಸಿ ಮಲಗಿದೆವು. ಬ್ಯಾಟರಿಯ ಪುಟ್ಟ ಲೈಟೊಂದನ್ನು ಮನೆಯಿಂದಲೇ ಒಯ್ದರೆ ಇನ್ನೂ ಒಳ್ಳೆಯದು.

ಬಾತ್‌ರೂಮು ನಿಜಕ್ಕೂ ಚಿಕ್ಕದು. ಬಿಸಿನೀರು ಮಾತ್ರ ಯಾವ ಹೊತ್ತಿಗೂ ಧಾರಾಳ, ಈ ವಿಷಯದಲ್ಲಿ ಹಂಡೆ ಸ್ನಾನದ ಅಭ್ಯಾಸ ಇರುವ ನಮಗೂ ಕೊರತೆ ಕಾಣಲಿಲ್ಲ. ಆದರೆ ಶವರಿನ ಪರದೆ ಒದ್ದೆಯಾಗಿ ಮೈಗೆ ಅಂಟುತ್ತದೆ, ಬಗ್ಗಿ ಕಾಲು ಉಜ್ಜಲು ಜಾಗ ಸಾಲದು. ಟಾಯ್ಲೆಟ್ಟಿನಲ್ಲಿ ನೀರಿನ ಜೆಟ್ ನಾಲ್ಕರಲ್ಲಿ ಎರಡು ಸಲ ಇರಲಿಲ್ಲ, ಒಂದು ಪ್ಲಾಸ್ಟಿಕ್ ಮಗ್ ಒಯ್ಯಿರಿ. ಫ್ಲಶ್ ಒತ್ತಿದರೆ ಗಾಳಿಯ ಎಳೆತದಲ್ಲಿ ಭರ್ ಅಂತ ಸದ್ದಾಗುತ್ತದೆ, ಸಣ್ಣ ಮಕ್ಕಳು ಹೆದರುತ್ತಾರೆ, ಮೊದಲೇ ಹೇಳಿಡಿ.

ಬಟ್ಟೆ ಒಣಗಿಸುವುದು ಮಲೆನಾಡಿನವರಿಗೆ ದೊಡ್ಡ ಚಿಂತೆ ಅಲ್ವಾ. ಹಡಗಿನ ಗೋಡೆಗಳು ಒಳಗೆ ಉಕ್ಕಿನ ಹಾಳೆ, ಆಯಸ್ಕಾಂತ ಹಿಡಿಯುತ್ತದೆ. ಎರಡನೇ ಟ್ರಿಪ್ಪಿಗೆ ಹೊರಡುವ ಮೊದಲು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಆಯಸ್ಕಾಂತದ ಕೊಕ್ಕೆ ಆರು ತಂದೆ, ಇಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ. ಟೋಪಿ, ಚೀಲ, ಒದ್ದೆ ಟವೆಲ್, ಕ್ಯಾಬಿನ್ ಕಾರ್ಡು ಎಲ್ಲಾ ಗೋಡೆಗೆ. ಎಸಿ ಗಾಳಿ ಒಣ ಇರುವುದರಿಂದ ತೆಳು ಬಟ್ಟೆ ರಾತ್ರಿ ಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತದೆ.

ಈಗ 2023ರ ಕಥೆ. ನಾಲ್ಕು ಜನ ಒಂದೇ ಕ್ಯಾಬಿನ್ನಿನಲ್ಲಿ. ಮೂರನೇ, ನಾಲ್ಕನೇ ತಲೆಗೆ ರೇಟು ಕಡಿಮೆ ಅಂತ ಆಸೆಪಟ್ಟೆ. ಮಕ್ಕಳ ಮಂಚ ಗೋಡೆಯಿಂದ ಮಡಚಿ ಇಳಿಯುತ್ತದೆ, ಏಣಿ ಹಾಕಿ ಹತ್ತಬೇಕು. ಹಗಲು ಮಕ್ಕಳಿಗೆ ಖುಷಿಯೋ ಖುಷಿ, ಅಟ್ಟ ಹತ್ತಿದ ಹಾಗೆ. ರಾತ್ರಿ ಮಂಚ ಇಳಿಸಿದ ಮೇಲೆ ಓಡಾಡುವ ಜಾಗವೇ ಉಳಿಯುವುದಿಲ್ಲ. ಕೆಳಗೆ ಮಲಗಿದವರು ದಡಕ್ಕನೆ ಎದ್ದರೆ ತಲೆಗೆ ಪೆಟ್ಟು, ನನ್ನ ಹೆಂಡತಿಗೆ ಎರಡು ಸಲ ಆಯ್ತು. ಸಣ್ಣವನು ರಾತ್ರಿ ಇಳಿಯಬೇಕೆಂದರೆ ಎಲ್ಲರೂ ಏಳಬೇಕು. ಬೆಳಿಗ್ಗೆ ಒಂದು ಬಾತ್‌ರೂಮಿಗೆ ನಾಲ್ಕು ಜನ. ಅಗತ್ತಿ ದ್ವೀಪಕ್ಕೆ ಹೋಗಲು ಹಡಗಿನಿಂದ ಸಣ್ಣ ದೋಣಿಗೆ ಇಳಿಯಬೇಕಿತ್ತು, ನಮ್ಮ ಸರದಿಯ ಹೊತ್ತಿಗೆ ಮಗಳ ಸ್ನಾನವೇ ಆಗಿರಲಿಲ್ಲ. ಅಷ್ಟು ಚಂದದ ನೀರು ನೋಡಲು ಹೋದವರು ಬಾತ್‌ರೂಮಿನ ಬಾಗಿಲ ಮುಂದೆ ಜಗಳ ಆಡಿದೆವು. ಅದು ಈಗಲೂ ನನಗೆ ಬೇಜಾರು. ಉಳಿಸಿದ ಹಣಕ್ಕೆ ಅಷ್ಟು ಕಷ್ಟ ಪಡಬಾರದಿತ್ತು.

ಕ್ಯಾಬಿನ್ ಎಷ್ಟು ದೊಡ್ಡದು ಅನ್ನುವಷ್ಟೇ ಅದು ಎಲ್ಲಿದೆ ಅನ್ನುವುದೂ ಮುಖ್ಯ. ಹಡಗು ತೂಗುವುದು ಮೂತಿ ಮತ್ತು ಬಾಲದಲ್ಲಿ ಜಾಸ್ತಿ, ಮೇಲಿನ ಮಹಡಿಗಳಲ್ಲೂ ಜಾಸ್ತಿ. ನಡುಭಾಗದ ಕೆಳಗಿನ ಮಹಡಿಯಲ್ಲಿ ಎಲ್ಲಕ್ಕಿಂತ ಕಡಿಮೆ. ಹೊಟ್ಟೆ ತೊಳಸುವ ಸ್ವಭಾವದವರಿಗೆ ಇಲ್ಲಿನ ಇನ್‌ಸೈಡ್ ಕ್ಯಾಬಿನ್ ಮೇಲಿನ ಬಾಲ್ಕನಿಗಿಂತ ಎಷ್ಟೋ ವಾಸಿ. ಆದರೂ ತಲೆ ಸುತ್ತಿದರೆ ಒಳಗೆ ಮಲಗಿರಬೇಡಿ, ಮೇಲೆ ಹೋಗಿ ದೂರದಲ್ಲಿ ಆಕಾಶ ನೀರು ಕೂಡುವ ಗೆರೆ ನೋಡುತ್ತಾ ನಿಲ್ಲಿ. ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನ ಮುಂದಿನ ಸೀಟಿನಲ್ಲಿ ರಸ್ತೆ ನೋಡುತ್ತಾ ಕೂತವರಿಗೆ ವಾಂತಿ ಬರುವುದು ಕಡಿಮೆ, ಇದೂ ಹಾಗೆಯೇ. ಹಿಂಭಾಗದಲ್ಲಿ ಎಂಜಿನ್ನಿನ ನಡುಕ ಹಾಸಿಗೆಗೂ ಬರುತ್ತದೆ. ಮುಂಭಾಗದ ಕೆಳಮಹಡಿಯಲ್ಲಿ ಬೆಳಗಿನ ಜಾವ ಬಂದರು ಸೇರುವಾಗ ಹಡಗನ್ನು ಪಕ್ಕಕ್ಕೆ ತಳ್ಳುವ ಯಂತ್ರ ಗುಡುಗಿದ ಹಾಗೆ ಸದ್ದು ಮಾಡುತ್ತದೆ.

ಹಡಗಿನ ನಕ್ಷೆ ನೋಡಿ, ಮೇಲೂ ಕೆಳಗೂ ಬರೀ ಕ್ಯಾಬಿನ್‌ಗಳೇ ಇರುವ ಮಹಡಿ ಆರಿಸಿ. ಗೋವಾ ಟ್ರಿಪ್ಪಿನಲ್ಲಿ ನಮ್ಮ ತಲೆಯ ಮೇಲೇ ಈಜುಕೊಳದ ಮಹಡಿ ಇತ್ತು, ಬೆಳಿಗ್ಗೆ ಐದೂವರೆಗೆ ಕುರ್ಚಿ ಎಳೆಯುವ ಸದ್ದು ಶುರು. ಪಕ್ಕದ ಕ್ಯಾಬಿನ್ನಿಗೆ ಒಳಬಾಗಿಲು ಇರುವಂಥದ್ದೂ ಬೇಡ, ಆ ಬಾಗಿಲಿನಿಂದ ಮಾತೆಲ್ಲಾ ಕೇಳುತ್ತದೆ. ಕ್ಯಾಬಿನ್ ನಂಬರ್ ನಾವೇ ಆರಿಸದೆ ಕಂಪನಿಯವರಿಗೇ ಬಿಟ್ಟರೆ ಇನ್ನೂ ಸ್ವಲ್ಪ ಅಗ್ಗ. ಇಬ್ಬರೇ ಹೋಗುವಾಗ, ನಿದ್ದೆ ಗಟ್ಟಿ ಇರುವವರು ಅದನ್ನು ಧೈರ್ಯವಾಗಿ ತಗೊಳ್ಳಬಹುದು. ಅಮ್ಮನ ಜೊತೆ ಹೋದಾಗ ಮಾತ್ರ ನಾನು ಜಾಸ್ತಿ ಕೊಟ್ಟು ಲಿಫ್ಟಿನ ಹತ್ತಿರದ, ಆದರೆ ಲಿಫ್ಟಿಗೆ ತಾಗಿಕೊಂಡಿರದ ನಂಬರ್ ಹಿಡಿದೆ.

ಹಣದ ಬಗ್ಗೆ: ಹಡಗಿನ ರೇಟು ತಲೆಗೆ ಇಷ್ಟು ಅಂತ ಹೇಳುತ್ತಾರೆ, ಅದು ಇಬ್ಬರು ಇದ್ದರೆ ಮಾತ್ರ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರದ್ದು ಕೊಡಬೇಕಾಗುತ್ತದೆ. ಪೋರ್ಟ್ ಚಾರ್ಜು, ಟಿಪ್ಸು ತಲೆ ಲೆಕ್ಕದಲ್ಲಿ ಬೇರೆ ಸೇರುತ್ತವೆ. ಕ್ಯಾಬಿನ್ ಚಿಕ್ಕದು ಅಂತ ಅವು ಕಡಿಮೆ ಆಗುವುದಿಲ್ಲ, ಹಾಗಾಗಿ ಜಾಹೀರಾತಿನ ರೇಟು ನೋಡಿ ಕುಣಿಯಬೇಡಿ, ಕೊನೆಯ ಮೊತ್ತ ಕೇಳಿ. 2025ರಲ್ಲಿ ನಮಗೆ ಬಾಲ್ಕನಿಗೆ ಹೇಳಿದ ರೇಟು ಇನ್‌ಸೈಡ್‌ನ ಒಂದೂಮುಕ್ಕಾಲು ಪಟ್ಟು. ಊಟ, ಪ್ರದರ್ಶನ, ಈಜುಕೊಳ ಎರಡೂ ಕ್ಯಾಬಿನ್ನಿನವರಿಗೆ ಒಂದೇ. ಉಳಿದ ಹಣದಲ್ಲಿ ಅಮ್ಮನಿಗೆ ಪೆನಾಂಗ್‌ನಲ್ಲಿ ಕಾರು ಮಾಡಿಕೊಂಡು ಆರಾಮವಾಗಿ ಊರು ತೋರಿಸಿದೆ. ಬಿಸಿಲಲ್ಲಿ ಬಸ್ಸಿಗೆ ಕಾಯುವಂತಾಗಲಿಲ್ಲ. ಆ ದಿನ ಅವರ ಮುಖ ನೋಡಿದ ಮೇಲೆ ಬಾಲ್ಕನಿ ಬೇಕಿತ್ತು ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ.

ಮಕ್ಕಳ ಜೊತೆ ಇನ್ನೊಮ್ಮೆ ಹೋಗುವ ಆಸೆ ಇದೆ. ಈ ಸಲ ಎದುರುಬದುರು ಎರಡು ಇನ್‌ಸೈಡ್ ಕ್ಯಾಬಿನ್ ಕೇಳಿದ್ದೇನೆ, ಒಂದರಲ್ಲಿ ಮಗಳು ಅವಳಮ್ಮ, ಇನ್ನೊಂದರಲ್ಲಿ ನಾನು ಮಗ. ಲೆಕ್ಕ ಹಾಕಿದರೆ ನಾಲ್ವರನ್ನು ಒಂದೇ ಬಾಲ್ಕನಿ ಕ್ಯಾಬಿನ್ನಿಗೆ ತುಂಬುವುದಕ್ಕೂ ಇದಕ್ಕೂ ಅಂಥ ವ್ಯತ್ಯಾಸ ಬರಲಿಲ್ಲ, ಬಾತ್‌ರೂಮು ಎರಡು ಸಿಗುತ್ತವೆ. ಹಾಂ, ಎಕ್ಸ್‌ಟೆನ್ಷನ್ ಬೋರ್ಡು, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಒಯ್ಯಬೇಡಿ, ಬೆಂಕಿಯ ಭಯಕ್ಕೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಕ್ಯಾಬಿನ್ನಿನಲ್ಲಿ ಪ್ಲಗ್ ಕಡಿಮೆ, ನಮ್ಮ ಮೂರು ಪಿನ್ನಿನದ್ದು ಕೂರುವುದಿಲ್ಲ. ಒಂದು ಅಡಾಪ್ಟರ್, ನಾಲ್ಕು ಯುಎಸ್‌ಬಿ ಇರುವ ಒಂದು ಚಾರ್ಜರ್ ಇಟ್ಟುಕೊಂಡರೆ ಸಾಕು.