ಜಿಲ್ಲಾಸ್ಪತ್ರೆಯ ಎಆರ್‌ಟಿ ಸೆಂಟರ್: ಮಾತ್ರೆಗೆ ಪೂರ್ತಿ ಅಂಕ, ಕಣ್ಣಿನ ಪರೀಕ್ಷೆ ಮಾತ್ರ ನೀವೇ ಕೇಳಿ ಮಾಡಿಸಿಕೊಳ್ಳಿ

ಎರಡು ವರ್ಷದಿಂದ ತಮ್ಮನ ಜೊತೆ ನಮ್ಮ ಜಿಲ್ಲಾಸ್ಪತ್ರೆಯ ಎಆರ್‌ಟಿ ಸೆಂಟರ್‌ಗೆ, ಅಂದರೆ ಎಚ್‌ಐವಿಗೆ ಚಿಕಿತ್ಸೆ ಕೊಡುವ ಜಾಗಕ್ಕೆ, ಹೋಗಿ ಬರುತ್ತಿದ್ದೇನೆ. ಯಾವ ಜಿಲ್ಲೆ ಅಂತ ಹೇಳುವುದಿಲ್ಲ, ತಮ್ಮ ಬೇಡ ಅಂದಿದ್ದಾನೆ. ಆದರೆ ಬರೆ ಅಂತ ಹೇಳಿದ್ದೂ ಅವನೇ. ಹೋಟೆಲಿಗೆ, ಮೊಬೈಲ್ ಅಂಗಡಿಗೆ ಎಲ್ಲರೂ ರಿವ್ಯೂ ಬರೆಯುತ್ತಾರೆ. ಎಚ್‌ಐವಿ ರಿಪೋರ್ಟ್ ಕೈಯಲ್ಲಿ ಹಿಡಿದು ಮೊದಲ ಸಲ ಆ ಬಾಗಿಲಿಗೆ ಹೋಗುವವರಿಗೆ ಒಳಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಯಾರು ಹೇಳಬೇಕು?

ಸಿಗುವುದು ತುಂಬಾ ಇದೆ. ದಿನಕ್ಕೆ ಒಂದೇ ಮಾತ್ರೆ, ಟಿಎಲ್‌ಡಿ ಅಂತ ಕರೆಯುತ್ತಾರೆ, ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಮೂರೂ ಸೇರಿದ್ದು. ಪೂರ್ತಿ ಉಚಿತ. ನಮ್ಮ ದೇಶದಲ್ಲಿ ಸರ್ಕಾರ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. 2017ರಿಂದ ಸಿಡಿ4 (ರೋಗದ ವಿರುದ್ಧ ದೇಹವನ್ನು ಕಾಯುವ ರಕ್ತಕಣಗಳ ಲೆಕ್ಕ) ಎಷ್ಟೇ ಇರಲಿ, ಪಾಸಿಟಿವ್ ಅಂತ ಗೊತ್ತಾದ ಎಲ್ಲರಿಗೂ ಮಾತ್ರೆ ಕೊಡುತ್ತಾರೆ. ನಮಗೆ ಮೊದಲು 15 ದಿನಕ್ಕೆ ಕೊಟ್ಟರು, ಆಮೇಲೆ ತಿಂಗಳಿಗೆ, ಈಗ ಮೂರು ತಿಂಗಳಿಗೆ ಒಟ್ಟಿಗೇ ಕೊಡುತ್ತಾರೆ. ಹೋದಾಗ ಉಳಿದ ಮಾತ್ರೆ ಎಣಿಸುತ್ತಾರೆ, ಹಸಿರು ಪುಸ್ತಕದಲ್ಲಿ ಬರೆಯುತ್ತಾರೆ. ರೂಮಿನ ಹೊರಗೆ ಎಚ್‌ಐವಿ ಅಂತ ಬೋರ್ಡ್ ಇಲ್ಲ, ಬರೀ ರೂಮ್ ನಂಬರ್. ಸೋಮವಾರ ಬೇಡ, ಕೂರುವುದಕ್ಕೂ ಜಾಗ ಇರುವುದಿಲ್ಲ. ಬುಧವಾರ, ಗುರುವಾರ ಹನ್ನೊಂದರ ಒಳಗೆ ಹೋದರೆ ಬೇಗ ಮುಗಿಯುತ್ತದೆ.

ಕೌನ್ಸೆಲರ್ ಮೇಡಂ ಬಗ್ಗೆ ಎಷ್ಟು ಹೇಳಿದರೂ ಸಾಲದು. ಮೊದಲ ದಿನ ತಮ್ಮ ತಲೆ ಎತ್ತಿರಲಿಲ್ಲ. ಅವರು ಯಾರಿಂದ ಬಂತು, ಹೇಗೆ ಬಂತು ಅಂತ ಒಂದು ಪ್ರಶ್ನೆಯನ್ನೂ ಮೊದಲು ಕೇಳಲಿಲ್ಲ. "ಊಟ ಮಾಡಿದ್ದೀರಾ?" ಅಂತ ಕೇಳಿದರು. ಅವನು ಅತ್ತಿದ್ದು ಆಗಲೇ.

ಈಗ ಕಣ್ಣಿನ ಕಥೆ. ಇದಕ್ಕಾಗಿಯೇ ಬರೆಯಲು ಕೂತಿದ್ದು, ಸ್ವಲ್ಪ ಹಿಂದಿನಿಂದ ಹೇಳಬೇಕು.

ಪಾಸಿಟಿವ್ ಅಂತ ಗೊತ್ತಾಗುವ ಎಂಟು ತಿಂಗಳ ಮೊದಲೇ ತಮ್ಮನಿಗೆ ಎದೆಯ ಒಂದು ಪಕ್ಕಕ್ಕೆ ಸರ್ಪಸುತ್ತು ಆಗಿತ್ತು. ಆಗ ಅವನಿಗೆ 31 ವಯಸ್ಸು. ಅಮ್ಮ ಪಕ್ಕದ ಊರಿಗೆ ಕರೆದುಕೊಂಡು ಹೋಗಿ ಕೆಮ್ಮಣ್ಣು ಹಚ್ಚಿಸಿಕೊಂಡು ಬಂದರು, ಅದರಲ್ಲೇ ನಾಲ್ಕು ದಿನ ಹೋಯಿತು. ಈ ಗುಳ್ಳೆಗೆ ಅಸೈಕ್ಲೊವಿರ್ ಮಾತ್ರೆಯನ್ನು 72 ಗಂಟೆ ಒಳಗೆ ಶುರು ಮಾಡಿದರೆ ಜಾಸ್ತಿ ಉಪಯೋಗ ಅಂತ ನಮಗೆ ಗೊತ್ತಿರಲಿಲ್ಲ. ಗುಳ್ಳೆ ಒಣಗಿದ ಮೇಲೂ ಆ ಉರಿ ತಿಂಗಳುಗಟ್ಟಲೆ ಇತ್ತು, ಅಂಗಿ ತಾಗಿದರೆ ಸಾಕು ಬೆಚ್ಚಿಬೀಳುತ್ತಿದ್ದ. ಕೊನೆಗೆ ನೋಡಿದ ಚರ್ಮದ ಡಾಕ್ಟರ್ ಮಾತ್ರೆ ಬರೆದುಕೊಟ್ಟರು, ಅಷ್ಟೇ. ಚಿಕ್ಕವರಿದ್ದಾಗ ಬಂದ ಚಿಕನ್‌ಪಾಕ್ಸ್ ವೈರಸ್ಸೇ ನರದಲ್ಲಿ ಅಡಗಿದ್ದು, ದೇಹದ ಕಾವಲು ಸಡಿಲವಾದಾಗ ಹೀಗೆ ಏಳುತ್ತದೆ, ವಯಸ್ಸಾದವರಲ್ಲಿ ಜಾಸ್ತಿ, ಇಷ್ಟು ಚಿಕ್ಕ ವಯಸ್ಸಿಗೆ ಬಂದರೆ ಒಂದು ಸಲ ಎಚ್‌ಐವಿ ಪರೀಕ್ಷೆ ಮಾಡಿಸಿ ಅಂತ ಅವರು ಒಂದು ಮಾತು ಹೇಳಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು. ಚಿಕನ್‌ಪಾಕ್ಸ್‌ಗೆ ನಮ್ಮ ಕಡೆ ಅಮ್ಮ ಅನ್ನುತ್ತಾರೆ. ಸರ್ಪಸುತ್ತು ಬಂದ ಎಲ್ಲರಿಗೂ ಎಚ್‌ಐವಿ ಇರುತ್ತದೆ ಅಂತಲ್ಲ, ದಯವಿಟ್ಟು ಹೆದರಬೇಡಿ. ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಮಾತ್ರ ಹೇಳುತ್ತಿದ್ದೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡುವ ಐಸಿಟಿಸಿ ರೂಮಿನಲ್ಲಿ ಅದು ಉಚಿತ.

ಕೊನೆಗೆ ಪರೀಕ್ಷೆ ಆದಾಗ ಅವನ ಸಿಡಿ4 ಬರೀ 38. ಆರೋಗ್ಯವಾಗಿ ಇರುವವರಿಗೆ 500ಕ್ಕಿಂತ ಮೇಲಿರುತ್ತದೆ. ಟಿಎಲ್‌ಡಿ ಶುರುವಾಯಿತು, ಜೊತೆಗೆ ದಿನಕ್ಕೊಂದು ದೊಡ್ಡ ಬಿಳಿ ಮಾತ್ರೆ, ಕೋಟ್ರೈಮಾಕ್ಸಜೋಲ್. ಆ ಬಿಳಿ ಮಾತ್ರೆ ಎಲ್ಲಾ ಸೋಂಕನ್ನೂ ತಡೆಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅದು ಒಂದು ಬಗೆಯ ನ್ಯುಮೋನಿಯಾ ಮತ್ತು ಇನ್ನು ಕೆಲವು ಸೋಂಕಿಗೆ. ವೈರಸ್‌ಗಳಿಗೆ ಅದರಿಂದ ಏನೂ ಆಗುವುದಿಲ್ಲ.

ಸೆಂಟರ್‌ನಲ್ಲಿ ಪ್ರತಿ ಸಲ ತಪ್ಪದೆ ನಾಲ್ಕು ಪ್ರಶ್ನೆ ಕೇಳುತ್ತಾರೆ: ಕೆಮ್ಮು ಇದೆಯಾ, ಜ್ವರ ಇದೆಯಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತದಾ. ಟಿಬಿ ಹಿಡಿಯುವುದಕ್ಕೆ. ಅದು ಸರಿಯೇ, ಟಿಬಿಯಿಂದಲೇ ಜಾಸ್ತಿ ಜನ ಸಾಯುತ್ತಾರೆ. ಕಣ್ಣು ಹೇಗಿದೆ ಅಂತ ಮಾತ್ರ ಯಾರೂ ಕೇಳಲಿಲ್ಲ. ಮಾತ್ರೆ ಶುರುವಾಗಿ ಐದನೇ ವಾರ ಇರಬೇಕು, "ಅಕ್ಕ, ಎಡಗಣ್ಣಿನ ಮುಂದೆ ಸೊಳ್ಳೆ ಹಾರಿದ ಹಾಗೆ ಕಾಣ್ತಿದೆ" ಅಂದ. ನೋವಿಲ್ಲ, ಕೆಂಪಾಗಿಲ್ಲ, ನೀರು ಸುರಿಯುತ್ತಿಲ್ಲ. ನಿಶ್ಶಕ್ತಿಗೆ ಇರಬೇಕು ಅಂತ ರಾಗಿ ಗಂಜಿ ಮಾಡಿಕೊಟ್ಟೆ. ಹತ್ತು ದಿನ ಹಾಗೇ ಬಿಟ್ಟೆವು. ಆ ಹತ್ತು ದಿನ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಾತ್ರೆ ತರಲು ಹೋದಾಗ ಸುಮ್ನೆ ಮಾತಿಗೆ ಹೇಳಿದೆ. ಕೌನ್ಸೆಲರ್ ಮೇಡಂ ಪೆನ್ನು ಕೆಳಗಿಟ್ಟು ಎದ್ದೇಬಿಟ್ಟರು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು, ಅಲ್ಲಿಂದ ಕಣ್ಣಿನ ಒಪಿಡಿ. ಅಲ್ಲಿ ಕನ್ನಡಕದ ನಂಬರ್ ನೋಡಿ, ಕಣ್ಣು ಒಣಗಿದೆ ಅಂತ ಡ್ರಾಪ್ಸ್ ಕೊಟ್ಟು ಕಳಿಸಿದರು. ಎಆರ್‌ಟಿ ಡಾಕ್ಟರ್ ಒಪ್ಪಲಿಲ್ಲ. ಚೀಟಿಯಲ್ಲಿ ಸಿಡಿ4 ಎಷ್ಟು, ಯಾವ ಅನುಮಾನ, ಪಾಪೆ ಹಿಗ್ಗಿಸಿ ಒಳಗಿನ ಪರದೆ ನೋಡಲೇಬೇಕು ಅಂತ ಬಿಡಿಸಿ ಬರೆದು ಬೆಂಗಳೂರಿನ ರೆಟಿನಾ ಡಾಕ್ಟರಿಗೆ ಕಳಿಸಿದರು. ಅವರು ನೋಡಿದ ಕೂಡಲೇ ಹೇಳಿದರು: ಸಿಎಂವಿ ರೆಟಿನೈಟಿಸ್.

ಸಿಎಂವಿ, ಅಂದರೆ ಸೈಟೊಮೆಗಾಲೊ ವೈರಸ್, ನಮ್ಮಲ್ಲಿ ಬಹುತೇಕ ದೊಡ್ಡವರೆಲ್ಲರ ಮೈಯಲ್ಲೂ ಇದೆಯಂತೆ. ಬಂದಿದ್ದೇ ಗೊತ್ತಾಗಿರುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ಸಿಡಿ4 50ಕ್ಕಿಂತ ಕೆಳಗೆ ಹೋದಾಗ ಎದ್ದು ಕಣ್ಣಿನ ಹಿಂಭಾಗದ ಪರದೆಯನ್ನು ಅಂಚಿನಿಂದ ತಿನ್ನುತ್ತಾ ಬರುತ್ತದೆ. ಅಂಚಿನಲ್ಲಿ ಶುರುವಾದಾಗ ಎದುರಿನದ್ದು ಚೆನ್ನಾಗಿಯೇ ಕಾಣುತ್ತದೆ, ಅದಕ್ಕೇ ಗೋಡೆಯ ಮೇಲಿನ ಅಕ್ಷರ ಓದಿಸಿದರೆ ಸಿಕ್ಕುವುದಿಲ್ಲ. ಹೋದ ಭಾಗದ ದೃಷ್ಟಿ ವಾಪಸ್ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅಷ್ಟೇ.

ಕಣ್ಣಿಗೇ ಗ್ಯಾನ್‌ಸೈಕ್ಲೊವಿರ್ ಇಂಜೆಕ್ಷನ್ ಹಾಕಿದರು. ಕೇಳಿದರೆ ಭಯ ಆಗುತ್ತದೆ, ಮರಗಟ್ಟಿಸಿ ಹಾಕುವುದರಿಂದ ತಮ್ಮ ತಡೆದುಕೊಂಡ. ಜೊತೆಗೆ ವ್ಯಾಲ್‌ಗ್ಯಾನ್‌ಸೈಕ್ಲೊವಿರ್ ಮಾತ್ರೆ, ಬೆಳಿಗ್ಗೆ ಎರಡು, ರಾತ್ರಿ ಎರಡು, 21 ದಿನ. ಆಮೇಲೆ ದಿನಕ್ಕೆ ಒಂದೇ ಹೊತ್ತು, ಸಿಡಿ4 100 ದಾಟಿ ಕೆಲವು ತಿಂಗಳು ಹಾಗೇ ನಿಲ್ಲುವ ತನಕ. ಈ ಮಾತ್ರೆ ನಮ್ಮ ಸೆಂಟರ್‌ನಲ್ಲಿ ಸಿಗಲಿಲ್ಲ, ಹೊರಗೆ ಕೊಂಡೆವು. ಒಂದೊಂದಕ್ಕೂ ನೂರಾರು ರೂಪಾಯಿ. ನನ್ನ ಬಳೆ ಅಡವಿಟ್ಟೆ. ಬಿಳಿ ರಕ್ತಕಣ ಕಡಿಮೆ ಮಾಡುವ ಔಷಧಿ ಅಂತ ಶುರುವಿನಲ್ಲಿ ವಾರ ವಾರ ರಕ್ತ ಪರೀಕ್ಷೆ. ಅದನ್ನು ಸೆಂಟರ್‌ನವರೇ ಮಾಡಿಕೊಟ್ಟರು, ಪುಣ್ಯ.

ನಡುವೆ ಒಂದು ಸಲ ಕಣ್ಣು ಮತ್ತೆ ಮಂಜಾಯಿತು. ಟಿಎಲ್‌ಡಿಯಿಂದಲೇ ಹೀಗಾಗಿದೆ, ನಿಲ್ಲಿಸುತ್ತೇನೆ ಅಂತ ತಮ್ಮ ಹಟ ಹಿಡಿದ. ದೇಹಕ್ಕೆ ಶಕ್ತಿ ಬರುತ್ತಿದ್ದ ಹಾಗೆ ಅದು ವೈರಸ್ಸಿನ ಮೇಲೆ ಜಗಳಕ್ಕೆ ನಿಲ್ಲುತ್ತದೆ, ಆ ಜಗಳದ ಊತ ಇದು, ಮಾತ್ರೆ ನಿಲ್ಲಿಸಿದರೆ ಎರಡೂ ಕಣ್ಣು ಹೋಗಬಹುದು ಅಂತ ಡಾಕ್ಟರ್ ಅರ್ಧ ಗಂಟೆ ಕೂತು ಹೇಳಿದರು. ಮೆದುಳಿಗೆ ಬರುವ ಜೆಸಿ ವೈರಸ್ಸಿಗಂತೂ ಬೇರೆ ಔಷಧಿಯೇ ಇಲ್ಲ, ಈ ಎಆರ್‌ಟಿ ಒಂದೇ ದಾರಿ ಅಂತಲೂ ಅವರೇ ಹೇಳಿದ್ದು. ಹೆಪಟೈಟಿಸ್ ಬಿ ಇರುವವರು ಇನ್ನೂ ಹುಷಾರಾಗಿರಬೇಕು: ಟಿಎಲ್‌ಡಿಯಲ್ಲಿರುವ ಮೂರರಲ್ಲಿ ಎರಡು ಔಷಧಿ ಅದನ್ನೂ ಹಿಡಿದಿಟ್ಟಿರುತ್ತವೆ, ಏಕಾಏಕಿ ಬಿಟ್ಟರೆ ಲಿವರ್ ಒಮ್ಮೆಲೇ ಕೆಡಬಹುದು.

ಹೆಣ್ಣುಮಕ್ಕಳಿಗೆ ಒಂದು ಮಾತು. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು ಜಾಸ್ತಿ, ಅದಕ್ಕೂ ಕಾರಣ ಎಚ್‌ಪಿವಿ ಎಂಬ ವೈರಸ್ಸೇ. ನಮ್ಮ ಸೆಂಟರ್‌ನವರು ಹೆಂಗಸರನ್ನು ತಾವಾಗಿಯೇ ಆ ಪರೀಕ್ಷೆಗೆ ಕಳಿಸುತ್ತಾರೆ. ನಾಚಿಕೆ ಅಂತ ತಪ್ಪಿಸಿಕೊಳ್ಳಬೇಡಿ.

ಇನ್ನೊಂದು ದೂರು ಇದೆ, ಅದು ಸೆಂಟರ್ ಮೇಲಲ್ಲ. ಕಣ್ಣಿನ ಒಪಿಡಿಯಲ್ಲಿ ತಮ್ಮನ ಫೈಲಿನ ಹೊರಗೆ ಕೆಂಪು ಪೆನ್ನಿನಲ್ಲಿ ರೋಗದ ಹೆಸರು ದೊಡ್ಡದಾಗಿ ಬರೆದಿದ್ದರು. ಎಚ್‌ಐವಿ ಇರುವವರ ಗುಟ್ಟು ಕಾಪಾಡಬೇಕು ಅಂತ 2017ರ ಕಾಯ್ದೆಯೇ ಇದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಕೌನ್ಸೆಲರ್ ಮೇಡಂ ನಮ್ಮ ಜೊತೆ ಬಂದು ನಿಂತು ಹೊಸ ಫೈಲ್ ಮಾಡಿಸಿದರು. ನಿಮಗೂ ಹೀಗಾದರೆ ಸುಮ್ಮನಿರಬೇಡಿ. 1097 ಉಚಿತ ಸಹಾಯವಾಣಿ, ಅಲ್ಲಿಯೂ ಕೇಳಬಹುದು.

ಈಗ ತಮ್ಮನ ಸಿಡಿ4 260. ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಸಿಕ್ಕುತ್ತಿಲ್ಲ. ಬಲಗಣ್ಣು ಪೂರ್ತಿ ಉಳಿದಿದೆ. ಎಡಗಣ್ಣಿನ ಹೊರಪಕ್ಕ ಕಾಣುವುದಿಲ್ಲ, ಬೈಕ್ ಓಡಿಸುವಾಗ ಕತ್ತು ಜಾಸ್ತಿ ತಿರುಗಿಸುತ್ತಾನೆ. ರೆಟಿನಾ ಡಾಕ್ಟರ್ ಹೇಳಿದ ಹಾಗೆ ಪ್ರತಿದಿನ ಹಲ್ಲುಜ್ಜಿದ ಮೇಲೆ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ. ಹೊಸ ಚುಕ್ಕೆ, ಮಿಂಚು, ಪರದೆ ಬಿದ್ದ ಹಾಗೆ ಏನಾದರೂ ಕಂಡರೆ ಅವತ್ತೇ ಹೋಗಬೇಕು. ನಿಮ್ಮ ಸಿಡಿ4 ಕಡಿಮೆ ಬಂದಿದ್ದರೆ ಡಾಕ್ಟರ್ ಮುಂದೆ ಹೀಗೇ ಕೇಳಿ: "ಪಾಪೆ ಹಿಗ್ಗಿಸಿ ರೆಟಿನಾ ನೋಡಲು ಬರೆದುಕೊಡಿ." ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ಕೇಳಿ. ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಮಂಜಾಗಿರುತ್ತದೆ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಸಿಡಿ4 ತುಂಬಾ ಕಡಿಮೆ ಇರುವವರನ್ನು ಮೊದಲ ವಾರವೇ ರೆಟಿನಾ ಪರೀಕ್ಷೆಗೆ ಕಳಿಸಲು ಶುರು ಮಾಡಿದ ದಿನ ಬಂದು ಐದು ಮಾಡುತ್ತೇನೆ. ಹೋದ ತಿಂಗಳು ಡಾಕ್ಟರಿಗೆ ಇದನ್ನೇ ಬರೆದುಕೊಟ್ಟು ಬಂದಿದ್ದೇನೆ.