ಸ್ಪ್ಲೆಂಡರ್ ಹಿಂದೆ ಟ್ರಾಲಿ ಕಟ್ಟಿ ಎರಡು ವರ್ಷ: ಮಂಡಕ್ಕಿ ವ್ಯಾಪಾರಿಯ ಅನುಭವ

ಮಂಡಕ್ಕಿಯಲ್ಲಿ ತೂಕ ಎಲ್ಲಿರುತ್ತೆ, ಬೈಕಿಗೇನು ತ್ರಾಸು ಅಂತ ಎಲ್ಲರೂ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ದಾವಣಗೆರೆಯ ಭಟ್ಟಿಯಿಂದ ಹರಿಹರದ ಅಂಗಡಿಗಳಿಗೆ ವಾರಕ್ಕೆ ನಾಲ್ಕು ದಿನ ಮಂಡಕ್ಕಿ ಹಾಕುತ್ತೇನೆ. ಮೊದಲು ಸೀಟಿನ ಮೇಲೆ ಮೂರು ಚೀಲ ಕಟ್ಟಿಕೊಂಡು, ಹಿಂದೆ ಏನು ಬರ್ತಿದೆ ಅಂತ ಕಾಣದೆ ಹೋಗುತ್ತಿದ್ದೆ. ಈಗ ಟ್ರಾಲಿ ಕಟ್ಟಿದ ಮೇಲೆ ಎರಡು ಟ್ರಿಪ್ಪಿನ ಕೆಲಸ ಒಂದರಲ್ಲೇ ಮುಗಿಯುತ್ತದೆ.

ಬೈಕ್ ಹಳೇ ಸ್ಪ್ಲೆಂಡರ್, 97.2 ಸಿಸಿ. ಟ್ರಾಲಿ ಎರಡು ಗಾಲಿಯದ್ದು, ಇಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಬೈಕಿಗೆ ಸೇರಿಸುವ ಹುಕ್ಕಿಗೆ ಅವರು ಟ್ರ್ಯಾಕ್ಟರಿಗೆ ಹಾಕುವ ಹಾಗೆ ಬರೀ ಪಿನ್ನು ಹಾಕಿಕೊಟ್ಟಿದ್ದರು. ಟ್ರ್ಯಾಕ್ಟರ್ ತಿರುವಿನಲ್ಲಿ ವಾಲುವುದಿಲ್ಲ, ಬೈಕ್ ವಾಲುತ್ತೆ ಅಲ್ವಾ? ವಾಲಿದಾಗಲೆಲ್ಲ ಹುಕ್ ತಿರುಚಿಕೊಂಡು, ಮೂರನೇ ತಿಂಗಳಿಗೆ ಅದರ ಬುಡದಲ್ಲಿ ವೆಲ್ಡಿಂಗ್ ಬಿಟ್ಟಿತು. ಬೈಕಿನ ಚಾಸಿಗೆ ಬೇರೆ ಚೈನ್ ಕಟ್ಟಿದ್ದಕ್ಕೆ ಟ್ರಾಲಿ ಚರಂಡಿ ಸೇರಲಿಲ್ಲ. ಕೇಳಲು ಹೋದರೆ "ಓವರ್‌ಲೋಡ್ ಮಾಡಿರ್ತೀಯ" ಅಂದರು. ಮಂಡಕ್ಕಿ ಓವರ್‌ಲೋಡು! ಬೇರೆ ಕಡೆ ಹೋಗಿ, ಪೈಪಿನೊಳಗೆ ಪೈಪ್ ತಿರುಗುವ ಹುಕ್ ಹಾಕಿಸಿದೆ. ಆಮೇಲೆ ಆ ತಕರಾರಿಲ್ಲ, ತಿಂಗಳಿಗೊಮ್ಮೆ ಗ್ರೀಸ್ ಹಚ್ಚಿದರೆ ಸಾಕು.

ಆದರೆ ಗಾಳಿ ಇದೆಯಲ್ಲ, ಅದಕ್ಕೆ ಯಾವ ಹುಕ್ಕೂ ಆಗಿಬರಲ್ಲ. ದಾರಿಯಲ್ಲಿ ದೊಡ್ಡಬಾತಿ ಹತ್ತಿರ ಎರಡೂ ಕಡೆ ಗದ್ದೆ ಬಯಲು, ಆಷಾಢದಲ್ಲಿ ಅಡ್ಡಗಾಳಿ ಹೊಡೆದರೆ ಎತ್ತರಕ್ಕೆ ಹೇರಿದ ಚೀಲ ಹಾಯಿಪಟದ ಹಾಗಾಗಿ ಟ್ರಾಲಿ ಬಾಲ ಆಡಿಸಲು ಶುರು ಮಾಡುತ್ತದೆ, ಅದೇ ಹೊತ್ತಿಗೆ ಪಕ್ಕದಲ್ಲಿ ಬಸ್ಸು ಹೋದರೆ ಮೊದಲು ಆಚೆ ತಳ್ಳಿ ಆಮೇಲೆ ಈಚೆ ಎಳೆಯುತ್ತದೆ. ಹಗುರ ಇದ್ದಷ್ಟೂ ಕುಣಿತ ಜಾಸ್ತಿ. ಈಗ ಚೀಲ ಎರಡೇ ಸಾಲು. ತಳದಲ್ಲಿ, ಟ್ರಾಲಿ ಗಾಲಿಗಳ ಅಚ್ಚಿಗಿಂತ ಸ್ವಲ್ಪ ಮುಂದೆ, 30 ಕೆಜಿ ಪುಟಾಣಿ (ಹುರಿಗಡಲೆ) ಮೂಟೆ ಇಡುತ್ತೇನೆ. ಹೇಗೂ ಅಂಗಡಿಯವರು ಅದನ್ನೂ ಕೇಳುತ್ತಾರೆ. ಒಮ್ಮೆ ಹಿಂದಕ್ಕೆ ಇಟ್ಟು ನೋಡಿದೆ, ಹುಕ್ ಮೇಲಕ್ಕೆತ್ತಿ ಬೈಕಿನ ಹಿಂದಿನ ಗಾಲಿ ರಸ್ತೆ ಮೇಲೆ ಇದೆಯೋ ಇಲ್ಲವೋ ಅನ್ನಿಸಿತು. ಆ ಕಡೆ ತಲೆ ಹಾಕಬೇಡಿ.

ಟ್ರಾಲಿಗೆ ಬ್ರೇಕಿಲ್ಲ. ಮಾವನ ಮನೆಯಿಂದ ಎರಡು ಕ್ವಿಂಟಲ್ ಅಕ್ಕಿ ಹೇರಿಕೊಂಡು ಬಂದ ದಿನ ಅದು ಸರಿಯಾಗಿ ಗೊತ್ತಾಯಿತು. ಬೈಕ್ ನಿಂತಿತು, ಟ್ರಾಲಿ ನಿಲ್ಲಲಿಲ್ಲ, ಹಿಂದಿನಿಂದ ತಳ್ಳಿಕೊಂಡೇ ಬಂತು. ಅವತ್ತಿಂದ ಅಕ್ಕಿ ಹಾಕಿಲ್ಲ, 40ರ ಮೇಲೆ ಓಡಿಸಿಲ್ಲ.

ಗುಂಡಿ ತಪ್ಪಿಸಿದೆ ಅಂದುಕೊಳ್ಳುವಷ್ಟರಲ್ಲಿ ಟ್ರಾಲಿಯ ಒಂದು ಗಾಲಿ ಅದರಲ್ಲೇ ಇಳಿದಿರುತ್ತದೆ. ರಿವರ್ಸ್ ಅಂತೂ ಬರೋದೇ ಇಲ್ಲ, ಪಿ.ಬಿ. ರೋಡಿನ ಪಕ್ಕದ ಓಣಿಗೆ ನುಗ್ಗಿದರೆ ಬಿಚ್ಚಿ ಕೈಯಲ್ಲೇ ತಿರುಗಿಸಬೇಕು. ಮೈಲೇಜ್ 60 ಕೊಡುತ್ತಿದ್ದದ್ದು 45ಕ್ಕೆ ಇಳಿದಿದೆ. ಕ್ಲಚ್ ಪ್ಲೇಟ್ ಒಮ್ಮೆ, ಚೈನ್ ಸ್ಪ್ರಾಕೆಟ್ ಒಮ್ಮೆ ಬದಲಾಯಿಸಿದ್ದೇನೆ. ಇಷ್ಟೆಲ್ಲ ಆದರೂ ಬಾಡಿಗೆ ಆಟೋಗಿಂತ ನನಗೆ ಇದೇ ಲಾಭ. ಮಾಡಿಸುವ ಮುಂಚೆ ಆರ್‌ಟಿಒದಲ್ಲಿ, ಇನ್ಶೂರೆನ್ಸ್‌ನವರ ಹತ್ತಿರ ಕೇಳಿಕೊಳ್ಳಿ, ಹಿಂದೆ ಬ್ರೇಕ್ ಲೈಟು, ಇಂಡಿಕೇಟರು ಹಾಕಿಸಿ. ಮಳೆಗಾಲಕ್ಕೆ ಒಳ್ಳೇ ತಾಡಪಾಲು ಬೇಕೇ ಬೇಕು. ಮೆತ್ತಗಾದ ಮಂಡಕ್ಕಿಯನ್ನು ಹರಿಹರದಲ್ಲಿ ಯಾರೂ ಇಳಿಸಿಕೊಳ್ಳಲ್ಲ, ಪೂರ್ತಿ ವಾಪಸ್ ತಂದಿದ್ದೇನೆ.